ಕೆಟ್ಟು ನಿಂತ ಕಾರಿನ ಆಟ

ಬೇಸಗೆಯ ನಡುಹಗಲು. ಎರಡು ಕಡೆಗೂ ಕಣ್ಣು ಹಾಯುವಷ್ಟು ದೂರ ಬರಿಯ ಬಯಲು. ರಸ್ತೆಯ ಮಗ್ಗುಲಲ್ಲಿ ಹಳೆಯ ಕಾರೊಂದು ನಿಂತಿದೆ. ಬಾನೆಟ್ಟನ್ನು ಎತ್ತಿದೊಡನೆ ಬುಸ್ಸೆಂದು ಹಬೆ ಏಳುತ್ತದೆ. ಡಬ್ಬಿಯಲ್ಲಿ ಉಳಿದಿರುವ ನೀರು ಎರಡೇ ಲೀಟರು. ಅದನ್ನು ಕುಡಿಯಬೇಕೆ, ರೇಡಿಯೇಟರಿಗೆ ಸುರಿಯಬೇಕೆ? ನಿಜವಾದ ಪ್ರಯಾಣದಲ್ಲಿ ಇಂಥ ಪಾಡು ಹಗೆಗೂ ಬೇಡವೆನ್ನುತ್ತೇವೆ. ಆದರೆ ಇದೇ ಪಾಡನ್ನು ಹಣಕೊಟ್ಟು ಕೊಂಡು, ಮನೆಯಲ್ಲಿ ಗಣಕಯಂತ್ರದ ಮುಂದೆ ಕುಳಿತು, ಗಂಟೆಗಟ್ಟಲೆ ಅನುಭವಿಸುವ ಜನ ಇಂದು ಲೋಕದಲ್ಲಿ ಲಕ್ಷಗಟ್ಟಲೆ ಇದ್ದಾರೆ. ದೂರದ ದಾರಿಯನ್ನು ಸವೆಸುವ, ಗಾಡಿಯನ್ನೂ ತನ್ನನ್ನೂ ಉಳಿಸಿಕೊಳ್ಳುವ, ಸಾಧ್ಯವಾದರೆ ಗೆಳೆಯರನ್ನೂ ಜೊತೆಗೆ ಕೂರಿಸಿಕೊಳ್ಳುವ ವಿಡಿಯೋ ಆಟಗಳ ಮಾತಿದು.

ಈ ಆಟಗಳನ್ನು ಆಡಿದವರು ಸುಮ್ಮನಿರುವುದಿಲ್ಲ. ತಮ್ಮ ಮೆಚ್ಚಿಕೆಯನ್ನೋ ದೂರನ್ನೋ ಬರೆದು ಪ್ರಕಟಿಸುತ್ತಾರೆ. ಅವುಗಳನ್ನು ಸಾಲಾಗಿ ಓದುತ್ತ ಹೋದರೆ ಒಂದು ವಿಚಿತ್ರ ಸಂಗತಿ ಗೋಚರವಾಗುತ್ತದೆ. ಒಬ್ಬನೇ ಆಟಗಾರನು ಒಂದು ಕಷ್ಟವನ್ನು ಹೊಗಳುತ್ತಾನೆ, ಮತ್ತೊಂದು ಕಷ್ಟವನ್ನು ಬೈಯುತ್ತಾನೆ. ಕಾರು ಕೆಡುವುದು ಎರಡರಲ್ಲಿಯೂ ಒಂದೇ. ಪಯಣ ನಿಲ್ಲುವುದೂ ಒಂದೇ. ಹಾಗಾದರೆ ಈ ಭೇದಕ್ಕೆ ಕಾರಣವೇನು? ಭೌತಶಾಸ್ತ್ರದ ದೃಷ್ಟಿಯಿಂದ ಇದನ್ನು ಪರಿಶೀಲಿಸೋಣ.

ನಾಲ್ಕು ಪಯಣಗಳು

ಮೊದಲು ಈ ಜಾತಿಯ ನಾಲ್ಕು ಆಟಗಳ ಪರಿಚಯ ಮಾಡಿಕೊಳ್ಳುವುದು ಯುಕ್ತ. ಇವುಗಳಲ್ಲಿ ಹಿರಿಯದು ‘ಡೆಸರ್ಟ್ ಬಸ್’. ಅಮೆರಿಕದ ಜಾದೂಗಾರರಾದ ಪೆನ್ ಮತ್ತು ಟೆಲ್ಲರ್ ಇವರ ಹೆಸರಿನಲ್ಲಿ 1995ರಲ್ಲಿ ಸಿದ್ಧವಾದ ಒಂದು ಆಟದ ಗುಚ್ಛಕ್ಕೆ ಇದು ಸೇರಿತ್ತು. ಆ ಗುಚ್ಛ ಆಗ ಮಾರಾಟಕ್ಕೆ ಬರಲೇ ಇಲ್ಲ. ಟೂಸಾನ್ ನಗರದಿಂದ ಲಾಸ್ ವೇಗಸ್ಸಿಗೆ ಖಾಲಿ ಬಸ್ಸನ್ನು ಓಡಿಸುವುದೇ ಆಟ. ವೇಗ ಗಂಟೆಗೆ 45 ಮೈಲಿಯನ್ನು, ಅಂದರೆ ಸುಮಾರು 72 ಕಿಲೋಮೀಟರನ್ನು, ಮೀರುವಂತಿಲ್ಲ. ನಿಜವಾದ ಎಂಟು ಗಂಟೆಗಳ ಕಾಲ ಓಡಿಸಬೇಕು. ಬಸ್ಸು ಸದಾ ಬಲಕ್ಕೆ ಕೊಂಚ ಎಳೆಯುವುದರಿಂದ ಕೈ ಬಿಡುವಂತಿಲ್ಲ. ಊರು ಸೇರಿದರೆ ದೊರಕುವುದು ಒಂದೇ ಒಂದು ಅಂಕ! ಬೇಸರವನ್ನೇ ಹಾಸ್ಯವಾಗಿಸಲು ಹೂಡಿದ ತಂತ್ರವಿದು. ಆದರೆ 2007ರಿಂದ ಕೆನಡಾದ ಒಂದು ತಂಡ ಇದೇ ಆಟವನ್ನು ಸರದಿಯ ಮೇಲೆ ದಿನಗಟ್ಟಲೆ ಆಡಿ, ನೋಡುವವರಿಂದ ಹಣ ಕೂಡಿಸಿ, ಮಕ್ಕಳ ಆಸ್ಪತ್ರೆಗಳಿಗೆ ನೆರವಾಗುವ ಸಂಸ್ಥೆಗೆ ವರ್ಷವರ್ಷವೂ ಕೊಡುತ್ತ ಬಂದಿದೆ. ಒಬ್ಬನಿಗೆ ಶಿಕ್ಷೆಯಾಗಿದ್ದುದು ಹತ್ತು ಮಂದಿ ಕೂಡಿದಾಗ ಹಬ್ಬವಾಯಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಬೇಕಾಗುತ್ತದೆ.

ಎರಡನೆಯದು 2018ರಲ್ಲಿ ಪೂರ್ಣಗೊಂಡ ‘ಜಲಾಪಿ’. ಬರ್ಲಿನ್ ಗೋಡೆ ಉರುಳಿದ ಮೇಲಿನ ಕಾಲದಲ್ಲಿ, ಒಬ್ಬ ತರುಣನು ತನ್ನ ಮಾವನನ್ನು ಕೂರಿಸಿಕೊಂಡು, ಜರ್ಮನಿಯಿಂದ ತುರ್ಕಿಯವರೆಗೆ ಒಂದು ಬಡಕಲು ಕಾರಿನಲ್ಲಿ ಹೊರಡುವ ಕಥೆ ಇದರದು. ಮೂರನೆಯದು ‘ದಿ ಲಾಂಗ್ ಡ್ರೈವ್’. 2019ರಲ್ಲಿ ಅಪೂರ್ಣಾವಸ್ಥೆಯಲ್ಲಿಯೇ ಮಾರಾಟಕ್ಕೆ ಬಂದ ಈ ಆಟದಲ್ಲಿ ಮರಳುಗಾಡಿನ ರಸ್ತೆಯನ್ನು ಗಣಕವು ಮುಂದುಮುಂದಕ್ಕೆ ಸೃಷ್ಟಿಸುತ್ತಲೇ ಹೋಗುತ್ತದೆ. ಪಾಳುಮನೆಗಳಲ್ಲಿ ಹುಡುಕಿದರೆ ಟೈರೋ, ಎಣ್ಣೆಯೋ, ನೀರೋ, ಆಹಾರವೋ ಸಿಗಬಹುದು. ನಾಲ್ಕನೆಯದು 2025ರ ‘ಆರ್‌ವಿ ದೇರ್ ಯೆಟ್?’. ಒಳಗೆ ಮನೆಯ ಸೌಕರ್ಯಗಳೇ ಇರುವ ದೊಡ್ಡ ಮೋಟಾರು ಗಾಡಿಯೊಂದನ್ನು ನಾಲ್ವರವರೆಗೆ ಗೆಳೆಯರು ಕೂಡಿಕೊಂಡು ಕಾಡುಗುಡ್ಡಗಳ ದುರ್ಗಮ ದಾರಿಯಲ್ಲಿ ದಾಟಿಸಬೇಕು. ಒಬ್ಬನು ಚಾಲಕ, ಉಳಿದವರು ಇಳಿದು ದಾರಿ ತೋರುವವರು, ಹಗ್ಗ ಕಟ್ಟುವವರು, ಟೈರು ಬದಲಿಸುವವರು.

ತೀರ್ಪುಗಳ ಎರಡು ರಾಶಿ

ಇಂಥ ಆಟಗಳ ಮುಖ್ಯ ಮಾರುಕಟ್ಟೆ 2003ರಲ್ಲಿ ಆರಂಭವಾದ ‘ಸ್ಟೀಮ್’ ಎಂಬ ಅಂಗಡಿ. ಕೊಂಡವರು ಅಲ್ಲಿ ಹೆಬ್ಬೆರಳನ್ನು ಮೇಲೆತ್ತಿಯೋ ಕೆಳಗಿಳಿಸಿಯೋ ತೀರ್ಪು ಕೊಡಬಹುದು. ಜೊತೆಗೆ ಕಾರಣವನ್ನೂ ಬರೆಯಬಹುದು. ಅವರು ಎಷ್ಟು ಗಂಟೆ ಆಡಿದ್ದಾರೆಂಬುದನ್ನು ಅಂಗಡಿಯೇ ಪಕ್ಕದಲ್ಲಿ ನಮೂದಿಸುತ್ತದೆ. ಈ ತೀರ್ಪುಗಳನ್ನು ಲಘುವಾಗಿ ಎಣಿಸುವಂತಿಲ್ಲ. ಇಂಥ ಆಟಗಳನ್ನು ತಯಾರಿಸುವವರು ಹಲವು ಸಲ ಒಬ್ಬಿಬ್ಬರು, ಇಲ್ಲವೆ ಸಣ್ಣದೊಂದು ತಂಡ. ಕೆಳಗಿಳಿದ ಹೆಬ್ಬೆರಳುಗಳು ಹೆಚ್ಚಾದರೆ ಅವರ ಅನ್ನಕ್ಕೇ ಸಂಚಕಾರ.

ತೀರ್ಪುಗಳನ್ನು ಎರಡು ರಾಶಿಗಳಾಗಿ ವಿಂಗಡಿಸೋಣ. ಮೊದಲ ರಾಶಿಯಲ್ಲಿ ಈ ಬಗೆಯ ಮಾತುಗಳಿವೆ: ಎಣ್ಣೆ ಹಾಕುವುದನ್ನು ಮರೆತೆ, ಇಂಜಿನ್ ಹೋಯಿತು, ಎರಡು ಗಂಟೆಯ ಶ್ರಮ ವ್ಯರ್ಥವಾಯಿತು, ಆದರೂ ಆಟ ಸೊಗಸಾಗಿದೆ. ಎರಡನೆಯ ರಾಶಿಯಲ್ಲಿ: ನಿಂತಿದ್ದ ಕಾರು ತಾನಾಗಿ ಆಕಾಶಕ್ಕೆ ಹಾರಿತು, ಗಾಡಿಯೊಳಗೆ ಕುಳಿತಿದ್ದವನು ರಸ್ತೆಯ ಮೇಲೆ ಬಿದ್ದಿದ್ದೆ, ಹೀಗಾದರೆ ಆಡುವುದಾದರೂ ಹೇಗೆ? ಇವೆರಡನ್ನು ಹೋಲಿಸಿದಾಗ ನಮಗೊಂದು ಊಹೆ ಹೊಳೆಯುತ್ತದೆ. ಕಾರಣವುಳ್ಳ ಕಷ್ಟವನ್ನು ಆಟಗಾರನು ಸಹಿಸುತ್ತಾನೆ, ಮೆಚ್ಚುತ್ತಾನೆ ಕೂಡ. ಕಾರಣ ಕಾಣದ ಕಷ್ಟವನ್ನು ಅನ್ಯಾಯವೆಂದು ಬಗೆಯುತ್ತಾನೆ. ಈ ಊಹೆ ನಿಲ್ಲುವುದೇ ಎಂಬುದನ್ನು ಒಂದೊಂದಾಗಿ ಪರೀಕ್ಷಿಸೋಣ.

ನೀರು ಇಷ್ಟು ಬೇಗ ಕುದಿಯುವುದೇ?

ಹೊಸಬರ ಒಂದು ಸಾಮಾನ್ಯ ದೂರು: ರೇಡಿಯೇಟರು ಕೆಟ್ಟ ಕೆಲವೇ ನಿಮಿಷಗಳಲ್ಲಿ ಇಂಜಿನ್ ಕಾದು ಕೆಂಡವಾಗುವುದು ಅತಿಶಯವಲ್ಲವೆ? ಲೆಕ್ಕ ಹಾಕಿಯೇ ನೋಡೋಣ.

ಒಂದು ಲೀಟರ್ ಪೆಟ್ರೋಲು ಉರಿದಾಗ ಹೊರಬೀಳುವ ಶಕ್ತಿ ಸುಮಾರು 33 ಮೆಗಾಜೂಲ್. ನಮ್ಮ ಕಾರು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ, ಲೀಟರಿಗೆ 15 ಕಿಲೋಮೀಟರಿನಂತೆ ಓಡುತ್ತಿದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 4 ಲೀಟರು ಪೆಟ್ರೋಲು, ಎಂದರೆ 132 ಮೆಗಾಜೂಲ್ ಶಕ್ತಿ ವೆಚ್ಚವಾಗುತ್ತದೆ. ಇದರಲ್ಲಿ ಚಕ್ರವನ್ನು ತಿರುಗಿಸಲು ಒದಗುವುದು ಸ್ಥೂಲವಾಗಿ ಕಾಲು ಭಾಗದಿಂದ ಮೂರನೆಯ ಒಂದು ಭಾಗ ಮಾತ್ರ. ಇನ್ನು ಮೂರನೆಯ ಒಂದು ಭಾಗ ಹೊಗೆಯ ಕೊಳವೆಯಲ್ಲಿ ಹೋಗುತ್ತದೆ. ಉಳಿದ ಸುಮಾರು ಮೂರನೆಯ ಒಂದು ಭಾಗವನ್ನು, ಅಂದರೆ ಗಂಟೆಗೆ 44 ಮೆಗಾಜೂಲನ್ನು, ತಂಪಿಸುವ ನೀರು ಹೊತ್ತು ರೇಡಿಯೇಟರಿನ ಮೂಲಕ ಗಾಳಿಗೆ ಚೆಲ್ಲಬೇಕು. ನಿಮಿಷಕ್ಕೆ ಲೆಕ್ಕ ಹಾಕಿದರೆ 0.73 ಮೆಗಾಜೂಲ್.

ಈಗ ರೇಡಿಯೇಟರು ಉಷ್ಣವನ್ನು ಸ್ವಲ್ಪವೂ ಹೊರಗೆ ಬಿಡದಂತಾಯಿತು ಎನ್ನೋಣ. ಇಂಜಿನ್ನಿನಲ್ಲಿರುವ ನೀರು 6 ಲೀಟರು. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು 4.2 ಕಿಲೋಜೂಲ್ ಬೇಕು. 30 ಡಿಗ್ರಿಯಿಂದ 100 ಡಿಗ್ರಿಗೆ ಏರಲು 6 × 4.2 × 70, ಎಂದರೆ ಸುಮಾರು 1760 ಕಿಲೋಜೂಲ್ ಸಾಕು. ನಿಮಿಷಕ್ಕೆ 730 ಕಿಲೋಜೂಲ್ ಬಂದು ಬೀಳುತ್ತಿರುವಾಗ ಇದಕ್ಕೆ ಹಿಡಿಯುವ ಕಾಲ ಎರಡೂವರೆ ನಿಮಿಷವೂ ಇಲ್ಲ! ನೀರು ಮೊದಲೇ ಬಿಸಿಯಾಗಿದ್ದರೆ ಇನ್ನೂ ಕಡಮೆ. ಇಂಜಿನ್ನಿನ ಲೋಹವೂ ಉಷ್ಣದ ಒಂದಷ್ಟು ಪಾಲನ್ನು ಹೀರುವುದರಿಂದ ಕೊಂಚ ಹೆಚ್ಚು ಕಾಲ ಸಿಗಬಹುದು, ಅಷ್ಟೆ. ಹೀಗೆ ಕುದಿದ ನೀರೆಲ್ಲ ಆವಿಯಾಗಿ ಹೋಗಲು ಮಾತ್ರ ಹೆಚ್ಚು ಕಾಲ ಬೇಕು. ನೀರಿನ ಗುಪ್ತೋಷ್ಣ ಕಿಲೋಗ್ರಾಮಿಗೆ 2260 ಕಿಲೋಜೂಲ್ ಆದುದರಿಂದ, ಇನ್ನೂ ಹದಿನೆಂಟು ಹತ್ತೊಂಬತ್ತು ನಿಮಿಷ ನಮ್ಮ ಕೈಯಲ್ಲಿರುತ್ತದೆ.

ಆಟದ ನಿರ್ಮಾಪಕರು ಈ ಸಮೀಕರಣಗಳನ್ನೆಲ್ಲ ಹಾಗೆಯೇ ಬಳಸುತ್ತಾರೆಂದು ತಿಳಿಯಬೇಕಾಗಿಲ್ಲ. ಆಟದ ನಿಯಮಗಳು ನಿಸರ್ಗದ ನಿಯಮಗಳ ಸರಳ ರೂಪಗಳು. ಆದರೆ ಅವು ಹಿಡಿದಿರುವ ದಾರಿ ಸರಿಯಾದುದು. ಹೊಸಬನ ದೂರಿಗೆ ಉತ್ತರ ಸಿಕ್ಕಿತು: ಕೆಲವೇ ನಿಮಿಷಗಳು ಎಂಬುದು ಅತಿಶಯವಲ್ಲ, ಅದು ಉಷ್ಣದ ಲೆಕ್ಕ. ಅನುಭವವುಳ್ಳ ಆಟಗಾರನು ಹೊರಡುವ ಮುನ್ನ ನೀರಿನ ಡಬ್ಬಿ ತುಂಬಿಸಿಕೊಳ್ಳುತ್ತಾನೆ. ಆತನಿಗೆ ಕಷ್ಟವು ಪಾಠವಾಯಿತು.

ಎಣ್ಣೆಯ ಪಾಠವೂ ಇಂಥದೇ. ‘ಜಲಾಪಿ’ಯ ಕಾರು ಪೂರ್ವ ಜರ್ಮನಿಯ ಟ್ರಬಾಂಟ್ 601 ಕಾರಿನ ಪ್ರತಿಬಿಂಬ. ಅದರ ಎರಡು ಸಿಲಿಂಡರಿನ ಇಂಜಿನ್ ಟೂ ಸ್ಟ್ರೋಕ್ ಬಗೆಯದು. ಈ ಬಗೆಯ ಇಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಪಿಸ್ಟನ್ನಿನ ಕೆಳಗಿನ ಕೋಣೆಯನ್ನು ಹಾದು ಬರುವುದರಿಂದ ಅಲ್ಲಿ ಎಣ್ಣೆಯನ್ನು ಬೇರೆಯಾಗಿ ತುಂಬಿಡುವಂತಿಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. 50 ಪಾಲಿಗೆ 1 ಪಾಲು ಎಂಬ ಪ್ರಮಾಣದಲ್ಲಿ 10 ಲೀಟರು ಪೆಟ್ರೋಲಿಗೆ 200 ಮಿಲಿಲೀಟರು ಎಣ್ಣೆ. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್ಲುಗಳನ್ನು ಓಡಿಸಿದ ಹಿರಿಯರನ್ನು ಕೇಳಿದರೆ, ಪೆಟ್ರೋಲು ಬಂಕಿನಲ್ಲಿ ಎಣ್ಣೆ ಬೆರೆಸಿಸಿದ ಕಥೆಯನ್ನು ಅವರೂ ಹೇಳಿಯಾರು. ಮರೆತರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಆಟದಲ್ಲಿ ಎಣ್ಣೆ ಮರೆತು ಕೈಸುಟ್ಟುಕೊಂಡವನು ತನ್ನನ್ನೇ ಹಳಿದುಕೊಳ್ಳುತ್ತಾನೆ, ಆಟವನ್ನಲ್ಲ.

ಹಗ್ಗ ಹಿಡಿದ ಗೆಳೆಯ

ಇನ್ನು ಕೂಡಿ ಆಡುವ ಆಟಕ್ಕೆ ಬರೋಣ. ‘ಆರ್‌ವಿ ದೇರ್ ಯೆಟ್?’ ಆಟದಲ್ಲಿ ಗಾಡಿಗೆ ವಿಂಚ್ ಇದೆ. ಅಂದರೆ ಹಗ್ಗವನ್ನು ಸುತ್ತಿಕೊಳ್ಳುತ್ತ ಎಳೆಯುವ ಯಂತ್ರ. ಗೆಳೆಯನೊಬ್ಬನು ಇಳಿದು ಹೋಗಿ ಹಗ್ಗದ ತುದಿಯನ್ನು ಮೇಲಿನ ಮರಕ್ಕೋ ಬಂಡೆಗೋ ಸಿಕ್ಕಿಸಬೇಕು. ಇದು ಬರಿಯ ಚಮತ್ಕಾರವೆ, ಅಥವಾ ಅವಶ್ಯಕವೆ?

ಗಾಡಿಯ ದ್ರವ್ಯರಾಶಿ 3000 ಕಿಲೋಗ್ರಾಂ, ಇಳಿಜಾರಿನ ಕೋನ 30 ಡಿಗ್ರಿ ಎಂದಿಟ್ಟುಕೊಳ್ಳೋಣ. ಗಾಡಿಯನ್ನು ಕೆಳಕ್ಕೆಳೆಯುವ ಗುರುತ್ವದ ಅಂಶ 3000 × 9.8 × ½, ಎಂದರೆ 14,700 ನ್ಯೂಟನ್. ಇದನ್ನು ಎದುರಿಸಬೇಕಾದುದು ಟೈರು ಮತ್ತು ನೆಲದ ನಡುವಿನ ಘರ್ಷಣೆ. ನೆಲವನ್ನು ಗಾಡಿ ಲಂಬವಾಗಿ ಒತ್ತುವ ಬಲ ಸುಮಾರು 25,500 ನ್ಯೂಟನ್. ಒದ್ದೆ ಮಣ್ಣಿನಲ್ಲಿ ಘರ್ಷಣ ಗುಣಾಂಕ 0.3 ಎಂದು ಹಿಡಿದರೆ, ನಾಲ್ಕು ಚಕ್ರಗಳೂ ತಳ್ಳಿದರೂ ಸಿಗುವ ಬಲ 7,600 ನ್ಯೂಟನ್ನಿನ ಆಸುಪಾಸು. ಬೇಕಾದುದರಲ್ಲಿ ಅರ್ಧವಷ್ಟೆ! ಇಂಜಿನ್ ಎಷ್ಟೇ ಬಲಶಾಲಿಯಾದರೂ ಚಕ್ರ ನಿಂತಲ್ಲಿಯೇ ತಿರುಗುತ್ತದೆ, ಕೆಸರು ಹಾರುತ್ತದೆ, ಗಾಡಿ ಹಿಂದಕ್ಕೆ ಜಾರುತ್ತದೆ. ಕೊರತೆಯಾದ ಸುಮಾರು 7,100 ನ್ಯೂಟನ್ನನ್ನು ಹೊರಗಿನಿಂದಲೇ ತರಬೇಕು. ಮರಕ್ಕೆ ಕಟ್ಟಿದ ಹಗ್ಗ ಅದನ್ನು ತರುತ್ತದೆ, ಏಕೆಂದರೆ ಹಗ್ಗದ ಎಳೆತ ಘರ್ಷಣೆಯನ್ನು ನೆಚ್ಚಿಕೊಂಡಿಲ್ಲ.

ಆದುದರಿಂದ ಇಲ್ಲಿ ಗೆಳೆಯನು ಅಲಂಕಾರಕ್ಕೆ ಬಂದವನಲ್ಲ. ಚಾಲಕನು ಸ್ಟೀರಿಂಗನ್ನು ಬಿಟ್ಟಿಳಿದರೆ ಗಾಡಿ ಜಾರುತ್ತದೆ. ಬಿಡದಿದ್ದರೆ ಹಗ್ಗವನ್ನು ಕಟ್ಟುವವರಿಲ್ಲ. ಎರಡು ಕಡೆ ಏಕಕಾಲದಲ್ಲಿ ಎರಡು ಜೊತೆ ಕೈಗಳು ಬೇಕೆಂದು ಇಳಿಜಾರೇ ಹೇಳುತ್ತಿದೆ. ಇಂಥ ಆಟಗಳ ಮೆಚ್ಚಿಕೆಯ ಬರಹಗಳಲ್ಲಿ ಹಗ್ಗ ಜಾರಿದ ಕಥೆ, ಗಾಡಿ ಪ್ರಪಾತದ ಅಂಚಿನಲ್ಲಿ ತೂಗಿದ ಕಥೆ ಮತ್ತೆ ಮತ್ತೆ ಬರುವುದು ಆಶ್ಚರ್ಯವಲ್ಲ. ಅಲ್ಲಿಯ ಅಪಾಯಕ್ಕೆ ಕಾರಣ ಕಣ್ಣಿಗೆ ಕಾಣುತ್ತದೆ. ಪರಿಹಾರ ಗೆಳೆಯರ ಕೈಯಲ್ಲಿರುತ್ತದೆ.

ಕಾರಣ ಕಾಣದ ಕಷ್ಟಗಳು

ಈಗ ಎರಡನೆಯ ರಾಶಿಯತ್ತ ತಿರುಗೋಣ. ನಿಂತ ಕಾರು ಆಕಾಶಕ್ಕೆ ಹಾರುವುದೇಕೆ? ವೇಗದ ಕಾರು ಕಂಬದ ಮೂಲಕವೇ ತೂರಿಹೋಗುವುದೇಕೆ? ಇವು ನಿಸರ್ಗದ ನಿಯಮಗಳಲ್ಲ. ಆದರೂ ಇವುಗಳಿಗೆ ಕಾರಣವಿದೆ. ಅದು ಗಣಕಯಂತ್ರದ ಲೆಕ್ಕಾಚಾರದಲ್ಲಿ ಅಡಗಿದೆ.

ನಿಸರ್ಗದಲ್ಲಿ ಕಾಲವು ಎಡೆಬಿಡದೆ ಹರಿಯುತ್ತದೆ. ಗಣಕಯಂತ್ರಕ್ಕೆ ಅದು ಸಾಧ್ಯವಿಲ್ಲ. ಅದು ಕಾಲವನ್ನು ಚೂರು ಚೂರಾಗಿ ಕತ್ತರಿಸಿ, ಒಂದೊಂದು ಚೂರಿನ ಕೊನೆಯಲ್ಲಿ ವಸ್ತುಗಳು ಎಲ್ಲಿವೆಯೆಂದು ಲೆಕ್ಕ ಹಾಕುತ್ತದೆ. ಆಟಗಳನ್ನು ಕಟ್ಟಲು ಬಳಸುವ ‘ಯೂನಿಟಿ’ ಎಂಬ ಪ್ರಸಿದ್ಧ ತಂತ್ರಾಂಶದಲ್ಲಿ, ನಿರ್ಮಾಪಕನು ಬದಲಿಸದಿದ್ದರೆ, ಈ ಚೂರಿನ ಅಳತೆ 0.02 ಸೆಕೆಂಡು. ಗಂಟೆಗೆ 90 ಕಿಲೋಮೀಟರು ಓಡುವ ಕಾರು ಸೆಕೆಂಡಿಗೆ 25 ಮೀಟರು ಚಲಿಸುತ್ತದೆ. ಒಂದು ಚೂರಿನಲ್ಲಿ ಅರ್ಧ ಮೀಟರು. ಕಾರಿನಿಂದ ಕಳಚಿ ಅದೇ ವೇಗದಲ್ಲಿ ಹಾರಿದ ಒಂದು ನಟ್ಟು ಈ ಕ್ಷಣದಲ್ಲಿ ತೆಳುವಾದ ತಗಡಿನ ಈಚೆಗಿರುತ್ತದೆ, ಮುಂದಿನ ಲೆಕ್ಕದ ಹೊತ್ತಿಗೆ ಆಚೆಗಿರುತ್ತದೆ. ನಡುವೆ ತಗಡು ತಾಗಿದ ಕ್ಷಣವನ್ನು ಯಾರೂ ಲೆಕ್ಕ ಹಾಕಲೇ ಇಲ್ಲ! ಇನ್ನು ಕೆಲವು ಸಲ, ಲೆಕ್ಕದ ಹೊತ್ತಿಗೆ ಚಕ್ರವು ನೆಲದೊಳಕ್ಕೆ ಸ್ವಲ್ಪ ಹೂತಿರುತ್ತದೆ. ಇದನ್ನು ತಿದ್ದಲು ಗಣಕವು, ಬಿಗಿಯಾಗಿ ಅದುಮಿದ ಸ್ಪ್ರಿಂಗಿನಂತೆ, ಚಕ್ರವನ್ನು ಭಾರಿ ಬಲದಿಂದ ಹೊರಕ್ಕೆ ತಳ್ಳುತ್ತದೆ. ಕಾರು ಹಾರುವ ಗುಟ್ಟು ಇದೇ. ಕಾಲದ ಚೂರುಗಳನ್ನು ಇನ್ನೂ ಸಣ್ಣದಾಗಿಸಿದರೆ ದೋಷ ತಗ್ಗುತ್ತದೆ. ಆದರೆ ಗಣಕದ ಕೆಲಸ ಅಷ್ಟೇ ಪಾಲು ಹೆಚ್ಚುತ್ತದೆ.

ಮುಗಿಯದ ದಾರಿಯ ಆಟಕ್ಕೆ ಇನ್ನೊಂದು ವಿಚಿತ್ರ ಗಂಡಾಂತರವಿದೆ. ಏಳು ಅಂಕೆಗಳಿಗೆ ಮಾತ್ರ ಜಾಗವಿರುವ ಒಂದು ಹಲಗೆಯ ಮೇಲೆ ದೂರವನ್ನು ಬರೆಯಬೇಕೆಂದು ಊಹಿಸಿ. ಊರಿನ ಹತ್ತಿರ 12.34567 ಮೀಟರು ಎಂದು ಬಹು ಸೂಕ್ಷ್ಮವಾಗಿ ಬರೆಯಬಹುದು. ದೂರ ಹೋದಂತೆಲ್ಲ ಎಡಗಡೆಯ ಅಂಕೆಗಳು ಹೆಚ್ಚಿ, ಬಲಗಡೆಯವನ್ನು ಬಿಟ್ಟುಕೊಡಬೇಕಾಗುತ್ತದೆ: 12345.67. ಆಟಗಳಲ್ಲಿ ಸಾಮಾನ್ಯವಾಗಿ ಬಳಸುವ ಸಂಖ್ಯಾರೂಪವೂ ಇಂಥ ಹಲಗೆಯೇ. ದ್ವಿಮಾನ ಪದ್ಧತಿಯ 24 ಸ್ಥಾನಗಳಷ್ಟೇ ಅದರಲ್ಲಿವೆ. ಹೊರಟ ಸ್ಥಳದಿಂದ 100 ಕಿಲೋಮೀಟರು ದೂರದಲ್ಲಿ ಅದು ಗುರುತಿಸಬಲ್ಲ ಅತಿ ಸಣ್ಣ ಅಂತರ ಸುಮಾರು 8 ಮಿಲಿಮೀಟರು. 5000 ಕಿಲೋಮೀಟರು ದೂರದಲ್ಲಾದರೋ ಅರ್ಧ ಮೀಟರು! ಅಷ್ಟು ದೂರ ಹೋದ ಕಾರು ಅರ್ಧರ್ಧ ಮೀಟರು ಕುಪ್ಪಳಿಸುತ್ತ ಸಾಗಬೇಕಾಗುತ್ತಿತ್ತು. ಸ್ಟೀರಿಂಗು ಒಂದು ಕಡೆ, ಹಿಡಿದ ಕೈ ಮತ್ತೊಂದು ಕಡೆ.

ಇದಕ್ಕೆ ಕಂಡುಕೊಂಡ ಉಪಾಯ ಬಲು ಸೊಗಸಾದುದು. ಕಾರು ಬಹಳ ದೂರ ಹೋದೊಡನೆ, ಕಾರನ್ನು ಮತ್ತೆ ಸೊನ್ನೆಯ ಬಳಿಗೆ ತಂದು, ಅದರೊಡನೆ ರಸ್ತೆ, ಬೆಟ್ಟ, ಮನೆಗಳೆಲ್ಲವನ್ನೂ ಅಷ್ಟೇ ದೂರ ಹಿಂದಕ್ಕೆ ಸರಿಸಿಬಿಡುವುದು. ಎಲ್ಲವೂ ಒಟ್ಟಿಗೆ ಸರಿದುದರಿಂದ ಆಟಗಾರನಿಗೆ ಏನೂ ತಿಳಿಯುವುದಿಲ್ಲ. ಓಡುವ ಬಸ್ಸಿನಲ್ಲಿ ಕುಳಿತ ಮಗುವಿಗೆ ಮರಗಳು ಹಿಂದಕ್ಕೆ ಓಡುವಂತೆ ತೋರುವುದಷ್ಟೆ? ಇಲ್ಲಿ ಮರಗಳು ಹಿಂದಕ್ಕೆ ಹೋಗುವುದು ನಿಜವೇ! ಸ್ಥಾನವೆಂಬುದು ಯಾವುದೋ ಒಂದು ಆಧಾರವನ್ನು ಕುರಿತು ಹೇಳುವ ಮಾತೇ ಹೊರತು ತಾನಾಗಿ ಅರ್ಥವುಳ್ಳದ್ದಲ್ಲ ಎಂಬ ತತ್ತ್ವ ಇಲ್ಲಿ ಆಟದ ಕೆಲಸಕ್ಕೆ ಬಂದಿದೆ.

ಇಬ್ಬರ ‘ಈಗ’ ಒಂದೇ ಅಲ್ಲ

ಕೂಡಿ ಆಡುವವರ ಅತ್ಯಂತ ಕಹಿಯಾದ ದೂರು ಬೇರೆಯದು. ಇಬ್ಬರೂ ಒಂದೇ ಗಾಡಿಯಲ್ಲಿ ಕುಳಿತಿದ್ದಾರೆ. ಗಾಡಿ ಬಂಡೆಯನ್ನು ತಾಗಿತೆಂದು ಒಬ್ಬನೆನ್ನುತ್ತಾನೆ. ಇಲ್ಲ, ಪಕ್ಕದಲ್ಲಿಯೇ ಹಾದುಹೋಯಿತೆಂದು ಇನ್ನೊಬ್ಬನು ಆಣೆಯಿಡುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಒಬ್ಬನು ಬೆಂಗಳೂರಿನಲ್ಲಿದ್ದಾನೆ, ಅವನ ಅಣ್ಣ ಬರ್ಲಿನ್ನಿನಲ್ಲಿದ್ದಾನೆ ಎಂದಿಟ್ಟುಕೊಳ್ಳೋಣ. ನಡುವೆ ಭೂಗೋಳದ ಮೇಲೆ ಸುಮಾರು 7000 ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ನೇರವಾದ ಎಳೆ ಇದ್ದರೂ ಸುದ್ದಿ ತಲಪಲು 0.035 ಸೆಕೆಂಡು ಬೇಕೇ ಬೇಕು. ಇದಕ್ಕಿಂತ ಕಡಮೆ ಮಾಡಲು ಯಾವ ನಿರ್ಮಾಪಕನಿಂದಲೂ ಆಗದು. ನಿಜವಾದ ತಂತಿಗಳು ಸುತ್ತಿ ಬಳಸಿ ಹೋಗುತ್ತವೆ. ನಡುನಡುವೆ ಸುದ್ದಿಯನ್ನು ಕೈಬದಲಿಸುವ ಯಂತ್ರಗಳಿವೆ. ವಿಳಂಬ 0.1 ಸೆಕೆಂಡು ಎಂದು ಹಿಡಿಯೋಣ. ಗಂಟೆಗೆ 72 ಕಿಲೋಮೀಟರು ಓಡುವ ಗಾಡಿ ಅಷ್ಟರಲ್ಲಿ 2 ಮೀಟರು ಮುಂದೆ ಹೋಗಿರುತ್ತದೆ. ಅಣ್ಣ ಓಡಿಸುತ್ತಿರುವ ಗಾಡಿಯನ್ನು ತಮ್ಮ ನೋಡುವುದು ಯಾವಾಗಲೂ 2 ಮೀಟರಿನಷ್ಟು ಹಿಂದೆ.

ಈ ಅಂತರವನ್ನು ಮುಚ್ಚಲು ನಾವಿಕರ ಹಳೆಯ ಉಪಾಯವೊಂದನ್ನು ಬಳಸುತ್ತಾರೆ. ದಡ ಕಾಣದ ಕಡಲಿನಲ್ಲಿ ನಾವಿಕನು ಕೊನೆಯ ಸಲ ತಿಳಿದ ಸ್ಥಾನಕ್ಕೆ ವೇಗ ಮತ್ತು ಕಾಲಗಳ ಗುಣಲಬ್ಧವನ್ನು ಕೂಡಿಸಿ, ತಾನು ಈಗ ಎಲ್ಲಿರಬೇಕೆಂದು ಊಹಿಸುತ್ತಿದ್ದನು. 1980ರ ದಶಕದಲ್ಲಿ ಅಮೆರಿಕದ ಸೇನೆಯ ತರಬೇತಿಗಾಗಿ ರಚಿಸಿದ ‘ಸಿಮ್‌ನೆಟ್’ ಎಂಬ ಕೃತಕ ಟ್ಯಾಂಕುಗಳ ಜಾಲದಲ್ಲಿ ಇದೇ ವಿಧಾನವಿತ್ತು. ತಮ್ಮನ ಗಣಕವೂ ಹೀಗೆಯೇ ಊಹಿಸುತ್ತದೆ. ದಾರಿ ನೇರವಾಗಿರುವವರೆಗೆ ಊಹೆ ಸರಿ. ಆದರೆ ಅಣ್ಣನ ಗಾಡಿ ಬಂಡೆಗೆ ಬಡಿದು ತಟ್ಟನೆ ನಿಂತಿತೆನ್ನಿ. ಸುದ್ದಿ ಬರುವ ಮುಂಚೆ ತಮ್ಮನ ಗಣಕ ಗಾಡಿಯನ್ನು 2 ಮೀಟರು ಮುಂದಕ್ಕೆ ನಡೆಸಿಯಾಗಿದೆ. ಸುದ್ದಿ ಬಂದೊಡನೆ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಗಾಡಿ ಹಿಂದಕ್ಕೆ ಹೋಯಿತು. ಒಳಗೆ ನಿಂತಿದ್ದ ತಮ್ಮ ಅಲ್ಲಿಯೇ ಉಳಿದ. ಅವನು ರಸ್ತೆಗೆ ಬಿದ್ದುದು ಹೀಗೆ.

ಇದಕ್ಕೂ ಪರಿಹಾರ ಹಿಂದಿನ ತತ್ತ್ವದಲ್ಲಿಯೇ ಇದೆ. 1632ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೆಲಿಲಿಯೋ, ಸಮವೇಗದಿಂದ ಸಾಗುವ ಹಡಗಿನ ಒಳಕೋಣೆಯಲ್ಲಿರುವವನಿಗೆ ಹಡಗು ಚಲಿಸುತ್ತಿದೆಯೇ ನಿಂತಿದೆಯೇ ತಿಳಿಯದೆಂದು ವಿವರಿಸಿದನು. ಪ್ರಯಾಣಿಕನ ಸ್ಥಾನವನ್ನು ರಸ್ತೆಯಿಂದ ಅಳೆಯುವುದರ ಬದಲು ಗಾಡಿಯಿಂದಲೇ ಅಳೆದರೆ — ಬಾಗಿಲಿನಿಂದ ಎರಡು ಹೆಜ್ಜೆ, ಕಿಟಕಿಯಿಂದ ಒಂದು ಹೆಜ್ಜೆ ಎಂದು — ಗಾಡಿ ಎಷ್ಟು ಕುಪ್ಪಳಿಸಿದರೂ ಅವನು ಒಳಗೆಯೇ ಇರುತ್ತಾನೆ. ಹೀಗೆ ಮಾಡಿದ ಆಟದಲ್ಲಿ ದೂರು ತಗ್ಗುತ್ತದೆ. ವಿಳಂಬವಾದರೋ ಇದ್ದೇ ಇರುತ್ತದೆ.

ಜೊತೆಗಾರನಿದ್ದರೆ ಎಲ್ಲವೂ ಸೊಗಸೆ?

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಕಾರು ಹಾರಿದಾಗ ಒಬ್ಬನೇ ಇದ್ದವನು ಸಿಟ್ಟಾಗುತ್ತಾನೆ. ನಾಲ್ವರಿದ್ದರೆ ಬಿದ್ದು ಬಿದ್ದು ನಗುತ್ತಾರೆ. ಕಾರಣವಿಲ್ಲದ ಕಷ್ಟ ಇಲ್ಲಿ ಮೆಚ್ಚಿಕೆಗೆ ಪಾತ್ರವಾಯಿತಲ್ಲ! ನಮ್ಮ ಊಹೆ ಬಿದ್ದುಹೋಗಲಿಲ್ಲವೆ? ಗೆಳೆಯರೊಡನೆ ಆಡಿದರೆ ಯಾವ ಆಟವೂ ಸೊಗಸೇ, ಅದರಲ್ಲಿ ಆಟದ ಹೆಚ್ಚುಗಾರಿಕೆ ಏನು ಎಂದು ಬರೆಯುವ ಆಟಗಾರರೂ ಇದ್ದಾರೆ. ‘ಡೆಸರ್ಟ್ ಬಸ್’ ಹಬ್ಬವಾದುದನ್ನು ಅವರು ಸಾಕ್ಷಿಯಾಗಿ ತೋರಬಹುದು.

ಆಕ್ಷೇಪಣೆ ಬೆಲೆಯುಳ್ಳದ್ದು. ಪ್ರಯೋಗಶಾಲೆಯಲ್ಲಿ ಎರಡು ಕಾರಣಗಳು ಒಟ್ಟಿಗೆ ಕೆಲಸ ಮಾಡುತ್ತಿದ್ದರೆ, ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸಿ ನೋಡುತ್ತೇವೆ. ಅದೇ ಆಟವನ್ನು ಒಮ್ಮೆ ಒಬ್ಬನೇ, ಒಮ್ಮೆ ಗೆಳೆಯರೊಡನೆ ಆಡದೆ ತೀರ್ಪು ಕೊಟ್ಟವನು ಆಟವನ್ನು ತೂಗಿದನೋ ಗೆಳೆತನವನ್ನು ತೂಗಿದನೋ ಹೇಳಬರುವುದಿಲ್ಲ. ಬರೆಯುವವರು ತಾವಾಗಿ ಮುಂದೆ ಬಂದವರು, ಆಡಿದವರೆಲ್ಲರ ಪ್ರತಿನಿಧಿಗಳಲ್ಲ ಎಂಬುದನ್ನೂ ಮರೆಯಬಾರದು.

ಆದರೂ ನಮ್ಮ ಊಹೆಯನ್ನು ಕೈಬಿಡಬೇಕಾಗಿಲ್ಲ; ಕೊಂಚ ತಿದ್ದಬೇಕು. ನಾಲ್ವರು ನಗುವುದು ಕಾರು ಹಾರಿದುದನ್ನು ನಾಲ್ವರೂ ಕಂಡಿದ್ದರೆ ಮಾತ್ರ. ಒಬ್ಬನು ಹಾರಿದ್ದನ್ನು ಕಂಡು ಮೂವರು ಕಾಣದಿದ್ದರೆ ನಗೆ ಇಲ್ಲ, ಜಗಳವಿದೆ. ಕೂಡಿ ಆಡುವವರು ಬೇರೆಲ್ಲ ದೋಷಗಳನ್ನು ಮನ್ನಿಸಿ ಜಾಲದ ವಿಳಂಬವನ್ನು ಮಾತ್ರ ಮನ್ನಿಸದಿರುವುದು ಇದಕ್ಕಾಗಿಯೇ. ಒಂಟಿ ಪಯಣಿಗನಿಗೆ ಬೇಕಾದುದು ಕಾರಣ. ಜೊತೆಯ ಪಯಣಿಗರಿಗೆ ಅದಕ್ಕಿಂತ ಮೊದಲು ಬೇಕಾದುದು, ಒಂದೇ ಘಟನೆಯನ್ನು ಎಲ್ಲರೂ ಕಂಡೆವೆಂಬ ಭರವಸೆ. ವಿಜ್ಞಾನಕ್ಕೂ ಇವೆರಡೇ ಆಧಾರ ಎಂಬುದನ್ನು ಬಿಡಿಸಿ ಹೇಳಬೇಕೆ?

ಮುಂದಿನ ಸಲ ಇಂಥ ಆಟವೊಂದನ್ನು ಆಡಿದ ವಿದ್ಯಾರ್ಥಿಯು ಹೆಬ್ಬೆರಳನ್ನು ಕೆಳಗಿಳಿಸುವ ಮುನ್ನ ಪ್ರಯೋಗದ ಪುಸ್ತಕದಲ್ಲಿ ಬರೆಯುವಂತೆ ನಾಲ್ಕು ಸಾಲು ಬರೆಯಲಿ: ಏನು ಮಾಡಿದೆ, ಏನಾಯಿತು, ಎಷ್ಟು ಸಲ ಹಾಗಾಯಿತು, ಜೊತೆಯಲ್ಲಿ ಯಾರಿದ್ದರು. ಕಾರು ಕೆಟ್ಟಿತೆಂಬುದು ಅಭಿಪ್ರಾಯ. ರೇಡಿಯೇಟರಿನಲ್ಲಿ ನೀರಿಲ್ಲದೆ ಮೂರನೆಯ ನಿಮಿಷದಲ್ಲಿ ಕೆಟ್ಟಿತೆಂಬುದು ವೀಕ್ಷಣೆ. ಮೊದಲನೆಯದನ್ನು ಓದಿದ ನಿರ್ಮಾಪಕನು ನೊಂದುಕೊಳ್ಳಬಹುದಷ್ಟೆ. ಎರಡನೆಯದನ್ನು ಓದಿದವನು ಆಟವನ್ನು ತಿದ್ದಬಲ್ಲನು. ಇಲ್ಲವೆ, ತಿದ್ದಬೇಕಾದುದು ಆಟವಲ್ಲ, ನೀರಿನ ಡಬ್ಬಿಯನ್ನು ತುಂಬಿಸದೆ ಹೊರಟ ಆಟಗಾರನೇ ಎಂದು ಸವಿನಯವಾಗಿ ಉತ್ತರ ಬರೆಯಬಲ್ಲನು.